ಮೌಸ್ ಎಲ್ಲಿ ನಿಲ್ಲಬೇಕು: ಬಟ್ಟೆ ಪ್ಯಾಡ್, ಹಾರ್ಡ್ ಪ್ಯಾಡ್ ಮತ್ತು ನಮ್ಮ ಹವೆ

ಗೇಮಿಂಗ್‌ಗೆ ಯಾವ ಮೌಸ್ ಪ್ಯಾಡ್ ತಗೊಳ್ಳಲಿ ಎಂದು ಕೇಳಿದರೆ ಎಲ್ಲ ಕಡೆ ಸಿಗುವ ಉತ್ತರ ಒಂದೇ: ಸ್ಪೀಡ್ ಬೇಕಿದ್ದರೆ ಹಾರ್ಡ್ ಪ್ಯಾಡ್, ಕಂಟ್ರೋಲ್ ಬೇಕಿದ್ದರೆ ಬಟ್ಟೆ ಪ್ಯಾಡ್. ಮಾತು ಸುಳ್ಳಲ್ಲ, ಆದರೆ ಅರೆಬೆಂದದ್ದು. ಸ್ಪೀಡ್ ಯಾರಿಗೆ ಬೇಡ, ಕಂಟ್ರೋಲ್ ಯಾರಿಗೆ ಬೇಡ? ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಜೋರಾಗಿ ಓಡಿಬಂದ ಮೌಸ್ ಎದುರಾಳಿಯ ತಲೆಯ ಮೇಲೆ ನಿಲ್ಲಬೇಕು. ಆ ನಿಲ್ಲಿಸುವ ಕೆಲಸ ಯಾರು ಮಾಡಬೇಕು, ಪ್ಯಾಡೋ ನಿಮ್ಮ ಕೈಯೋ? ಕರಾವಳಿ, ಮಲೆನಾಡಿನ ಕಡೆ ಇರುವವರು ಇನ್ನೂ ಒಂದು ಕೇಳಿಕೊಳ್ಳಬೇಕು: ಏಪ್ರಿಲ್‌ನಲ್ಲಿ ನಿಂತ ಹಾಗೆಯೇ ಅದು ಜುಲೈನ ಮಳೆಯಲ್ಲೂ ನಿಲ್ಲುತ್ತದೆಯೇ?

ಒಂದು ಫ್ಲಿಕ್ ಅನ್ನು, ಅಂದರೆ ಗುರಿಯತ್ತ ಮೌಸನ್ನು ಜೋರಾಗಿ ಒಮ್ಮೆ ಸರಿಸುವುದನ್ನು, ಹತ್ತಿರದಿಂದ ನೋಡೋಣ. ವ್ಯಾಲರಂಟ್ ಎಂಬ ಶೂಟಿಂಗ್ ಆಟದಲ್ಲಿ ಕ್ರಾಸ್‌ಹೇರ್‌ನಿಂದ (ಪರದೆಯ ನಡುವಿನ ಗುರಿ ಗುರುತು) ಸ್ವಲ್ಪ ದೂರದಲ್ಲಿ ಒಬ್ಬ ಕಾಣಿಸಿಕೊಂಡ. ಕೈ ಮೌಸನ್ನು ತಳ್ಳುತ್ತದೆ. ಮೊದಲ ಕ್ಷಣದಲ್ಲಿ ಮೌಸ್ ಕದಲುವುದಿಲ್ಲ. ಕೆಳಗಿನ ಸ್ಥಿರ ಘರ್ಷಣೆಯನ್ನು ಮೀರುವಷ್ಟು ಬಲ ಬಿದ್ದ ಮೇಲೆ ಹೊರಡುತ್ತದೆ. ಹೊರಟ ಮೇಲೆ ಅದನ್ನು ತಡೆಯುವುದು ಚಲನೆಯ ಘರ್ಷಣೆ, ಇದು ಸ್ಥಿರ ಘರ್ಷಣೆಗಿಂತ ಕಡಿಮೆ. ಕೊನೆಗೆ ಬೆರಳು, ಮಣಿಕಟ್ಟು ಮತ್ತು ಪ್ಯಾಡ್ ಮೂರೂ ಸೇರಿ ನಿಲ್ಲಿಸುತ್ತವೆ. ಗುರಿಯಿಂದ ಒಂದು ಮಿಲಿಮೀಟರ್ ಆಚೆ ನಿಂತಿತು ಅಂದುಕೊಳ್ಳಿ. ಈಗ ಸಣ್ಣ ತಿದ್ದುಪಡಿ ಬೇಕು, ಅಂದರೆ ನಿಂತ ಮೌಸನ್ನು ಮತ್ತೆ ಹೊರಡಿಸಬೇಕು. ಬಟ್ಟೆ ಪ್ಯಾಡ್ ತೊಂದರೆ ಕೊಡುವುದು ಇಲ್ಲೇ. ಸ್ಥಿರ ಘರ್ಷಣೆ ದೊಡ್ಡದಿದ್ದು ಚಲನೆಯ ಘರ್ಷಣೆ ಚಿಕ್ಕದಾಗಿದ್ದರೆ, ಹೊರಡಿಸಲು ಹಾಕಿದ ಬಲವೇ ಮೌಸನ್ನು ಗುರಿ ದಾಟಿಸಿಬಿಡುತ್ತದೆ. ಇತ್ತಿಂದತ್ತ ಎರಡು ಸಲ ಹಾರುತ್ತದೆ, ಅಷ್ಟರಲ್ಲಿ ರೌಂಡ್ ಮುಗಿದಿರುತ್ತದೆ.

ಹಾರ್ಡ್ ಪ್ಯಾಡ್‌ನಲ್ಲಿ, ಅದು ಪ್ಲಾಸ್ಟಿಕ್ ಆಗಲಿ ಗಾಜಾಗಲಿ, ಸಾಮಾನ್ಯವಾಗಿ ಎರಡೂ ಘರ್ಷಣೆಗಳು ಕಡಿಮೆ, ಅವುಗಳ ನಡುವಿನ ಅಂತರವೂ ಕಡಿಮೆ. ಸಣ್ಣ ತಿದ್ದುಪಡಿ ನುಣ್ಣಗೆ ಆಗುತ್ತದೆ. ಆದರೆ ದೊಡ್ಡ ಫ್ಲಿಕ್‌ನ ಕೊನೆಯಲ್ಲಿ ಬ್ರೇಕ್ ಹಾಕಲು ಪ್ಯಾಡ್ ಬರುವುದಿಲ್ಲ, ಪೂರ್ತಿ ಕೆಲಸ ನಿಮ್ಮ ಸ್ನಾಯುಗಳದ್ದು. ಹೀಗಾಗಿ ಒಬ್ಬನೇ ಆಟಗಾರ ಬಟ್ಟೆಯ ಮೇಲೆ ಗುರಿ ಮುಟ್ಟುವ ಮೊದಲೇ ನಿಂತು, ಹಾರ್ಡ್ ಪ್ಯಾಡ್ ಮೇಲೆ ಗುರಿ ದಾಟಿ ನಿಲ್ಲುವುದುಂಟು. ಎರಡೂ ಅವನ ಏಮ್‌ನ ದೋಷ ಎಂದುಕೊಂಡು ಸೆನ್ಸಿಟಿವಿಟಿ (ಮೌಸ್ ಸರಿದಷ್ಟಕ್ಕೆ ಆಟದಲ್ಲಿ ನೋಟ ಎಷ್ಟು ತಿರುಗಬೇಕು ಎಂಬ ಸೆಟ್ಟಿಂಗ್, ಚಿಕ್ಕದಾಗಿ ಸೆನ್ಸ್) ಬದಲಿಸುತ್ತಾ ಹೋಗುತ್ತಾನೆ. ಅದು ತಪ್ಪು ಜಾಗಕ್ಕೆ ಕೈ ಹಾಕಿದ ಹಾಗೆ.

ಬಟ್ಟೆ ಪ್ಯಾಡ್‌ನ ನಿಜವಾದ ಶಕ್ತಿ ಅದರ ಮೇಲ್ಮೈಗಿಂತ ಹೆಚ್ಚಾಗಿ ಅಡಿಯ ಫೋಮ್ ಅಥವಾ ರಬ್ಬರ್‌ನಲ್ಲಿದೆ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಇವತ್ತಿನ ವೈರ್‌ಲೆಸ್ ಗೇಮಿಂಗ್ ಮೌಸ್‌ಗಳ ತೂಕ ಎಷ್ಟು? ಲಾಜಿಟೆಕ್‌ನ ಸೂಪರ್‌ಲೈಟ್ 2 ಸುಮಾರು 60 ಗ್ರಾಂ, ರೇಜರ್ ವೈಪರ್ ವಿ3 ಪ್ರೊ ಸುಮಾರು 54 ಗ್ರಾಂ. ಇದರ ಮೇಲೆ ನಿಮ್ಮ ಕೈ ಹಾಕುವ ಒತ್ತಡ ಎಷ್ಟು ಎಂದು ತಿಳಿಯಬೇಕಾದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಮೌಸ್ ಇಟ್ಟು, ಸೊನ್ನೆಗೆ ತಂದು, ಮುಂಗೈಗೆ ತಕ್ಕಡಿಯಷ್ಟೇ ಎತ್ತರದ ಪುಸ್ತಕ ಕೊಟ್ಟು, ಆಡುವಾಗ ಹಿಡಿಯುವಂತೆ ಹಿಡಿದು ನೋಡಿ. ಕೈಯ ಒತ್ತಡ ಮೌಸ್‌ನ ತೂಕವನ್ನು ಮೀರುವುದು ಸಾಮಾನ್ಯ. ಇನ್ನು ಆಟದಲ್ಲಿ ಟೆನ್ಶನ್ ಏರಿದಾಗ ಕೈ ಬಿಗಿಯುತ್ತದೆ, ಒತ್ತಡ ಇನ್ನೂ ಹೆಚ್ಚುತ್ತದೆ.

ಗಟ್ಟಿ ಮೇಲ್ಮೈಯಲ್ಲಿ ಒತ್ತಡ ಹೆಚ್ಚಾದರೆ ಘರ್ಷಣೆ ಅದಕ್ಕೆ ತಕ್ಕಷ್ಟೇ ಹೆಚ್ಚುತ್ತದೆ. ಮೆತ್ತನೆಯ ಪ್ಯಾಡ್‌ನಲ್ಲಿ ಹಾಗಲ್ಲ: ಒತ್ತಿದಾಗ ಮೌಸ್‌ನ ಪಾದಗಳು (ತಳಕ್ಕೆ ಅಂಟಿಸಿದ ಜಾರುವ ತುಂಡುಗಳು) ಬಟ್ಟೆಯೊಳಕ್ಕೆ ಇಳಿಯುತ್ತವೆ, ಪಾದದ ಅಂಚುಗಳು ಎದುರಿನ ಬಟ್ಟೆಯನ್ನು ತಳ್ಳತೊಡಗುತ್ತವೆ, ಘರ್ಷಣೆ ಒತ್ತಡಕ್ಕಿಂತ ವೇಗವಾಗಿ ಏರುತ್ತದೆ. ಆಟಗಾರರು ಹೇಳುವ ಸ್ಟಾಪಿಂಗ್ ಪವರ್ ಇದೇ. ಫ್ಲಿಕ್ ಕೊನೆಯಲ್ಲಿ ಬೆರಳನ್ನು ಚೂರು ಕೆಳಗೆ ಒತ್ತಿ ಮೌಸ್ ನಿಲ್ಲಿಸುವ ಅಭ್ಯಾಸ ಇರುವವರಿಗೆ ಇದು ವರ. ಆದರೆ ಟೆನ್ಶನ್ ಏರಿದ ಕ್ಷಣದಲ್ಲಿ ಕೈ ತಾನಾಗಿಯೇ ಬಿಗಿಯುವವರಿಗೆ ಇದೇ ಶಾಪ: ಪ್ರಾಕ್ಟೀಸ್‌ನಲ್ಲಿ ಚೆನ್ನಾಗಿ ಓಡಿದ ಮೌಸ್ ಪಂದ್ಯದ ಕೊನೆಯ ರೌಂಡ್‌ನಲ್ಲಿ ಭಾರವಾಗುತ್ತದೆ.

ಆದ್ದರಿಂದ ಬಟ್ಟೆ ಪ್ಯಾಡ್ ಎಂದರೆ ಒಂದೇ ಜಾತಿ ಅಲ್ಲ. ಸ್ಟೀಲ್‌ಸೀರೀಸ್ ಕ್ಯುಸಿಕೆ 2 ಮಿ.ಮೀ. ದಪ್ಪ, ಅದರ ಹೆವಿ ಆವೃತ್ತಿ 6 ಮಿ.ಮೀ. ಮೇಲಿನ ಬಟ್ಟೆ ಒಂದೇ ಬಗೆಯದಾದರೂ ಒತ್ತಿ ಆಡುವವನಿಗೆ ಎರಡೂ ಬೇರೆ ಬೇರೆ ಪ್ಯಾಡ್‌ಗಳು. ಜಪಾನಿನ ಆರ್ಟಿಸಾನ್ ಕಂಪನಿ ಒಂದೇ ಮೇಲ್ಮೈಯನ್ನು ಎಕ್ಸ್‌ಸಾಫ್ಟ್, ಸಾಫ್ಟ್, ಮಿಡ್ ಎಂದು ಬೇರೆ ಬೇರೆ ಮೆದುತನದಲ್ಲಿ ಮಾರುವುದು ಇದಕ್ಕೇ. ಗಟ್ಟಿ ತಳದ ತೆಳು ಬಟ್ಟೆ ಪ್ಯಾಡ್ ಒತ್ತಡಕ್ಕೆ ಅಷ್ಟಾಗಿ ಬದಲಾಗದು, ಹಾಗಾಗಿ ಅದರ ಸ್ವಭಾವ ಹಾರ್ಡ್ ಪ್ಯಾಡ್ ಕಡೆಗೆ ವಾಲುತ್ತದೆ. ಹಾರ್ಡ್ ಪ್ಯಾಡ್ ಆಸೆಯಿದ್ದು ಧೈರ್ಯ ಸಾಲದವರು ಮೊದಲು ಇದನ್ನು ನೋಡಬೇಕು. ಬಟ್ಟೆಯಲ್ಲೇ ಒರಟು ನೇಯ್ಗೆಯ ಕಾರ್ಡುರಾ ಪ್ಯಾಡ್‌ಗಳೂ ಇವೆ. ಇವು ಹೈಬ್ರಿಡ್ ಎಂಬ ಹೆಸರಲ್ಲಿ ಸಿಗುತ್ತವೆ, ಮೌಸ್ ಬೇಗ ಹೊರಡುತ್ತದೆ, ಸದ್ದು ಸ್ವಲ್ಪ ಜಾಸ್ತಿ, ಮುಂಗೈ ಚರ್ಮಕ್ಕೆ ಒರಟು.

ಗಾಜಿನ ಪ್ಯಾಡ್ ಹೊಸ ಫ್ಯಾಷನ್ ಎಂದುಕೊಳ್ಳುವವರಿಗೆ ಒಂದು ಮಾತು. ಸ್ಟೀಲ್‌ಸೀರೀಸ್ ಕಂಪನಿ 2001ರಲ್ಲಿ ಡೆನ್ಮಾರ್ಕ್‌ನಲ್ಲಿ ಸಾಫ್ಟ್ ಟ್ರೇಡಿಂಗ್ ಎಂಬ ಹೆಸರಿನಲ್ಲಿ ಶುರುವಾದದ್ದೇ ಐಸ್‌ಮ್ಯಾಟ್ ಎಂಬ ಗಾಜಿನ ಮೌಸ್ ಪ್ಯಾಡ್‌ನಿಂದ. ಅದೇ ಕಂಪನಿ ಕೊನೆಗೆ ಹೆಸರು ಮಾಡಿದ್ದು ಕ್ಯುಸಿಕೆ ಬಟ್ಟೆ ಪ್ಯಾಡ್‌ನಿಂದ. ಗಾಜು ಈಗ ಮತ್ತೆ ಚಾಲ್ತಿಗೆ ಬಂದಿದೆ. 2023ರಲ್ಲಿ ರೇಜರ್ ಕೂಡ ಅಟ್ಲಾಸ್ ಎಂಬ ಗಾಜಿನ ಪ್ಯಾಡ್ ತಂದಿತು. ಈಗಿನ ಗಾಜಿನ ಪ್ಯಾಡ್‌ಗಳ ಮೇಲ್ಮೈಯನ್ನು ಸೂಕ್ಷ್ಮವಾಗಿ ಕೊರೆದು ಮಂಕು ಮಾಡಿರುತ್ತಾರೆ. ಮೌಸ್‌ನ ಸೆನ್ಸರ್‌ಗೆ ಫೋಟೋ ತೆಗೆದು ಹೋಲಿಸಲು ಏನಾದರೂ ಗುರುತು ಬೇಕಲ್ಲ, ಅದಕ್ಕೆ. ಪಿಕ್ಸ್‌ಆರ್ಟ್ 3395 ಮುಂತಾದ ಈಚಿನ ಸೆನ್ಸರ್‌ಗಳು ಇವುಗಳ ಮೇಲೆ ಸರಿಯಾಗಿ ಕೆಲಸ ಮಾಡುತ್ತವೆ. ಹಳೆಯ ಅಥವಾ ಅಗ್ಗದ ಮೌಸ್ ಇದ್ದರೆ ಗಾಜು ಕೊಳ್ಳುವ ಮೊದಲು ಆ ಮೌಸ್‌ನಲ್ಲೇ ಪರೀಕ್ಷಿಸಿ. ಮನೆಯ ಟೇಬಲ್ಲಿನ ಮೇಲೆ ಹಾಸಿದ ಗಾಜು ಇದಕ್ಕೆ ಬದಲಿ ಆಗುವುದಿಲ್ಲ, ಅದರ ಮೇಲೆ ಕ್ರಾಸ್‌ಹೇರ್ ಕುಣಿಯುತ್ತದೆ.

ಮೇಲ್ಮೈಗಿಂತ ಮೊದಲು ಅಳತೆ. ಹಲವರು ಇದನ್ನು ಕೊನೆಗೆ ಯೋಚಿಸುತ್ತಾರೆ, ಪ್ಯಾಡ್ ಮನೆಗೆ ಬಂದ ಮೇಲೆ. ಒಂದು ಪೂರ್ತಿ ಸುತ್ತು ತಿರುಗಲು ಮೌಸ್ ಎಷ್ಟು ದೂರ ಸಾಗಬೇಕು ಎಂದು ಲೆಕ್ಕ ಹಾಕಿ. ವ್ಯಾಲರಂಟ್‌ನಲ್ಲಿ ಡಿಪಿಐ (ಮೌಸ್ ಒಂದು ಇಂಚು ಸರಿದಾಗ ಕಳಿಸುವ ಎಣಿಕೆ), ಸೆನ್ಸಿಟಿವಿಟಿ, ಆ ಆಟದ ಸ್ಥಿರ ಸಂಖ್ಯೆ 0.07 ಈ ಮೂರನ್ನೂ ಗುಣಿಸಿ, 360ನ್ನು ಅದರಿಂದ ಭಾಗಿಸಿದರೆ ಇಂಚಿನಲ್ಲಿ ಉತ್ತರ, 2.54ರಿಂದ ಗುಣಿಸಿದರೆ ಸೆಂಟಿಮೀಟರ್. ಕೌಂಟರ್-ಸ್ಟ್ರೈಕ್ 2ರಲ್ಲಿ 0.07ರ ಜಾಗದಲ್ಲಿ 0.022. 800 ಡಿಪಿಐ, 0.35 ಸೆನ್ಸ್ ಇಟ್ಟ ವ್ಯಾಲರಂಟ್ ಆಟಗಾರನಿಗೆ ಒಂದು ಸುತ್ತಿಗೆ ಸುಮಾರು 46.7 ಸೆಂ.ಮೀ. ಬೇಕು, ಹಿಂದೆ ತಿರುಗಲು 23 ಸೆಂ.ಮೀ.ಗೆ ಚೂರು ಹೆಚ್ಚು. 800 ಡಿಪಿಐಯಲ್ಲಿ ಸೆನ್ಸ್ 1 ಇಟ್ಟ ಕೌಂಟರ್-ಸ್ಟ್ರೈಕ್ ಆಟಗಾರನಿಗೆ ಸುತ್ತಿಗೆ 52 ಸೆಂ.ಮೀ. ಈಗ ಲಾಜಿಟೆಕ್ ಜಿ440 ಹಾರ್ಡ್ ಪ್ಯಾಡ್ ಅಳತೆ ನೋಡಿ: 34 ಸೆಂ.ಮೀ. ಅಗಲ, 28 ಸೆಂ.ಮೀ. ಆಳ. ಮಧ್ಯದಲ್ಲಿ ಮೌಸ್ ಇಟ್ಟರೆ ಒಂದು ಬದಿಗೆ ಉಳಿಯುವುದು 17 ಸೆಂ.ಮೀ., ಅದರಲ್ಲೂ ಮೌಸ್‌ನ ಅರ್ಧ ಅಗಲ ಕಳೆಯಬೇಕು. ಹಿಂದೆ ತಿರುಗುವಾಗ ಮೌಸ್ ಪ್ಯಾಡಿನ ಅಂಚು ದಾಟಿ ಟೇಬಲ್ ಮೇಲೆ ಬೀಳುತ್ತದೆ. ಹಾರ್ಡ್ ಪ್ಯಾಡ್‌ಗೆ ಅಂಚಿದೆ, ಟಕ್ ಎಂದು ಇಳಿಯುತ್ತದೆ, ಏಮ್ ಹೋಯಿತು. ಅದೇ ಸೆನ್ಸ್ 2 ಇಟ್ಟವನಿಗೆ ಸುತ್ತು 26 ಸೆಂ.ಮೀ. ಮಾತ್ರ, ಆ ಪ್ಯಾಡ್ ಅವನಿಗೆ ಸಾಕು.

ಕಡಿಮೆ ಸೆನ್ಸ್‌ನಲ್ಲಿ ಇಡೀ ತೋಳಿನಿಂದ ಆಡುವವರಿಗೆ 45×40 ಸೆಂ.ಮೀ. ಕನಿಷ್ಠ ಎನ್ನಬಹುದು. ನಮ್ಮ ಮನೆಗಳ ಸ್ಟಡಿ ಟೇಬಲ್‌ಗಳು ಆಳದಲ್ಲಿ ಕಡಿಮೆ. ಕೀಬೋರ್ಡ್ ಇಟ್ಟ ಮೇಲೆ ಎಷ್ಟು ಉಳಿಯುತ್ತದೆ ಎಂದು ಟೇಪ್ ಹಿಡಿದು ನೋಡಿಯೇ ಆರ್ಡರ್ ಮಾಡಿ. ಜಾಗ ಸಾಲದಿದ್ದರೆ ಕೀಬೋರ್ಡನ್ನು ಓರೆಯಾಗಿಟ್ಟುಕೊಳ್ಳುವುದು, ಅಥವಾ ಕೀಬೋರ್ಡನ್ನೂ ಮೇಲೆ ಕೂರಿಸುವ 90×40 ಸೆಂ.ಮೀ.ನ ದೊಡ್ಡ ಬಟ್ಟೆ ಮ್ಯಾಟ್ ಹಾಕುವುದು ಎರಡೂ ನಡೆಯುತ್ತವೆ. ಇಷ್ಟು ದೊಡ್ಡ ಅಳತೆ ಹಾರ್ಡ್ ಪ್ಯಾಡ್‌ಗಳಲ್ಲಿ ಅಪರೂಪ, ಸಿಕ್ಕರೂ ದುಬಾರಿ. ಪ್ಯಾಡ್ ಸುತ್ತಿ ಬ್ಯಾಗಿಗೆ ಹಾಕುವ ಸೌಕರ್ಯವೂ ಬಟ್ಟೆಗೇ ಇರುವುದು. ಟೂರ್ನಿಗಳಿಗೆ ಓಡಾಡುವವರಿಗೆ ಇದು ಸಣ್ಣ ವಿಷಯವಲ್ಲ. ಕೌಂಟರ್-ಸ್ಟ್ರೈಕ್, ವ್ಯಾಲರಂಟ್ ವೃತ್ತಿಪರರಲ್ಲಿ ಬಹುಪಾಲು ಜನ ಬಟ್ಟೆ ಪ್ಯಾಡ್ ಬಳಸುತ್ತಾರೆ. ಆ ಆಟಗಳಲ್ಲಿ ಕ್ರಾಸ್‌ಹೇರ್ ಸರಿಯಾದ ಎತ್ತರದಲ್ಲಿ ಇಟ್ಟುಕೊಂಡು ಕಾಯುವುದು, ಚಿಕ್ಕ ಫ್ಲಿಕ್, ತಕ್ಷಣ ನಿಲುಗಡೆ ಇವೇ ಮುಖ್ಯ. ಏಪೆಕ್ಸ್ ಲೆಜೆಂಡ್ಸ್, ಓವರ್‌ವಾಚ್ 2ರಂಥ ಆಟಗಳಲ್ಲಿ ಓಡುವ, ಹಾರುವ ಎದುರಾಳಿಯನ್ನು ಕ್ಷಣಗಟ್ಟಲೆ ಹಿಂಬಾಲಿಸಬೇಕು. ಅಲ್ಲಿ ಮೌಸ್ ನಿಲ್ಲುವುದಕ್ಕಿಂತ ದಿಕ್ಕು ಬದಲಿಸುವುದೇ ಹೆಚ್ಚು, ಕಡಿಮೆ ಘರ್ಷಣೆಯ ಮೇಲ್ಮೈ ಹೊಂದುತ್ತದೆ. ಮೇಲಿನಿಂದ ನೋಡುತ್ತಾ ಕ್ಲಿಕ್ ಮಾಡಿ ಆಡುವ ಡೋಟಾ ಥರದ ಆಟಗಳಿಗೆ ಈ ತಲೆಬಿಸಿ ಬೇಡ, ಕೈಗೆ ಹಿತವಾದದ್ದು ಸಾಕು.

ಇನ್ನು ಹವೆ. ಪ್ಯಾಡ್ ಕುರಿತ ಬರಹಗಳಲ್ಲಿ ಹೆಚ್ಚಿನವು ಹೀಟರ್, ಏಸಿ ಇರುವ ದೇಶಗಳಿಂದ ಬರುತ್ತವೆ, ಹಾಗಾಗಿ ತೇವದ ವಿಷಯ ಒಂದು ಸಾಲಿನಲ್ಲಿ ಮುಗಿಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಆಟಗಾರನಿಗೆ ಅದು ಒಂದು ಸಾಲಿನ ವಿಷಯವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಪೌಡರ್ ಹಾಕದ ಕೇರಂ ಬೋರ್ಡ್ ಮಳೆಗಾಲದಲ್ಲಿ ಹೇಗೆ ಸ್ಟ್ರೈಕರನ್ನು ಹಿಡಿದುಕೊಳ್ಳುತ್ತದೋ ಬಟ್ಟೆ ಪ್ಯಾಡ್ ಮೌಸನ್ನು ಹಾಗೆ ಹಿಡಿದುಕೊಳ್ಳುತ್ತದೆ.

ಯಾಕೆ ಹೀಗಾಗುತ್ತದೆ? ಬಹುತೇಕ ಗೇಮಿಂಗ್ ಪ್ಯಾಡ್‌ಗಳ ಬಟ್ಟೆ ಪಾಲಿಯೆಸ್ಟರ್. ಪಾಲಿಯೆಸ್ಟರ್ ನಾರು ತನ್ನೊಳಗೆ ಹೀರಿಕೊಳ್ಳುವ ತೇವ ತೀರಾ ಕಡಿಮೆ, ತೂಕದ ಶೇ. 0.4ರಷ್ಟು, ನೈಲಾನ್ ಶೇ. 4ರ ಆಸುಪಾಸು, ಹತ್ತಿ ಶೇ. 8ರ ಆಸುಪಾಸು. ಹಾಗಿದ್ದರೆ ಪ್ಯಾಡ್ ನಿಧಾನವಾಗಬಾರದಿತ್ತು. ಸಮಸ್ಯೆ ಇರುವುದು ನಾರಿನ ಒಳಗಲ್ಲ, ಎಳೆಗಳ ನಡುವಿನ ಸಂದಿಯಲ್ಲಿ. ಮುಂಗೈಯ ಬೆವರು ಅಲ್ಲಿ ಇಳಿದು ಕೂರುತ್ತದೆ. ಬೆವರಿನ ಜೊತೆ ಉಪ್ಪು ಮತ್ತು ಚರ್ಮದ ಜಿಡ್ಡು ಬರುತ್ತವೆ. ಒಣ ಹವೆಯಲ್ಲಿ ನೀರು ಹಾರಿಹೋಗಿ ಉಪ್ಪು ಉಳಿಯುತ್ತದೆ. ಒದ್ದೆ ಹವೆಯಲ್ಲಿ ಅದೇ ಉಪ್ಪು ಗಾಳಿಯ ತೇವವನ್ನು ಮತ್ತೆ ಎಳೆದುಕೊಳ್ಳುತ್ತದೆ. ಜಿಡ್ಡು ಎಲ್ಲವನ್ನೂ ಅಂಟಿಸಿ ಹಿಡಿಯುತ್ತದೆ. ಕರಾವಳಿಯಲ್ಲಿ ಹೊಸ ಪ್ಯಾಡ್‌ಗಿಂತ ಆರು ತಿಂಗಳು ಬಳಸಿದ ಪ್ಯಾಡ್ ಮಳೆಗೆ ಹೆಚ್ಚು ಹಟ ಮಾಡುವುದು ಇದರಿಂದಲೇ. ನಡುಭಾಗ ನಿಧಾನ, ಮೂಲೆಗಳು ಮೊದಲಿನಂತೆ, ಅಂದರೆ ಒಂದೇ ಪ್ಯಾಡ್‌ನಲ್ಲಿ ಎರಡು ವೇಗ. ನಿಧಾನ ಪ್ಯಾಡ್‌ಗೆ ಕೈ ಒಗ್ಗುತ್ತದೆ, ವೇಗದ ಪ್ಯಾಡ್‌ಗೂ ಒಗ್ಗುತ್ತದೆ. ದಿನಕ್ಕೊಂದು ವೇಗ, ಜಾಗಕ್ಕೊಂದು ವೇಗ ಇರುವ ಪ್ಯಾಡ್‌ಗೆ ಒಗ್ಗುವುದಿಲ್ಲ.

ಹಾರ್ಡ್ ಪ್ಯಾಡ್‌ಗೆ ತೇವ ತಟ್ಟುವುದೇ ಇಲ್ಲ ಎಂದು ಮಾರುವವರು ಹೇಳುತ್ತಾರೆ, ಅದೂ ಪೂರ್ತಿ ನಿಜವಲ್ಲ. ಗಾಜಿನ ಮೇಲೆ ಬೆವರಿನ ತೆಳು ಪದರ ಕೂತರೆ ಮೌಸ್ ಅಲ್ಲಲ್ಲಿ ಎಳೆಯುತ್ತದೆ, ಮುಂಗೈ ಚರ್ಮವಂತೂ ಅಂಟಿಕೊಂಡೇಬಿಡುತ್ತದೆ. ವ್ಯತ್ಯಾಸ ಇಷ್ಟೇ: ಹಾರ್ಡ್ ಪ್ಯಾಡನ್ನು ಒಂದು ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದರೆ ಹತ್ತು ಸೆಕೆಂಡಿನಲ್ಲಿ ಮೊದಲಿನಂತಾಗುತ್ತದೆ, ಬಟ್ಟೆ ಪ್ಯಾಡ್ ತೊಳೆದು ಒಣಗಿಸಲು ಮಳೆಗಾಲದಲ್ಲಿ ಎರಡು ಮೂರು ದಿನ ಬೇಕು. ಮುಂಗೈ ಅಂಟುವುದಕ್ಕೆ ಪರಿಹಾರ ಆಟಗಾರರು ಹಾಕುವ ಆರ್ಮ್ ಸ್ಲೀವ್. ಬೈಕ್ ಓಡಿಸುವಾಗ ಬಿಸಿಲಿಗೆ ಹಾಕುವ ತೆಳು ತೋಳುಚೀಲವೂ ಅದೇ ಕೆಲಸ ಮಾಡುತ್ತದೆ. ಬಟ್ಟೆ ಪ್ಯಾಡ್ ಬಳಸುವವರೂ ಇದನ್ನು ಹಾಕಿಕೊಂಡರೆ ಬೆವರು ಪ್ಯಾಡಿಗೆ ಇಳಿಯುವುದು ಕಡಿಮೆಯಾಗಿ ಅದರ ಬಾಳಿಕೆ ಹೆಚ್ಚುತ್ತದೆ.

ಕಲಬುರಗಿ, ರಾಯಚೂರು, ವಿಜಯಪುರದ ಕಡೆ ಲೆಕ್ಕ ತಿರುಗುಮುರುಗು. ಅಲ್ಲಿ ಬೇಸಿಗೆಯ ಬೆವರು ಫ್ಯಾನ್ ಗಾಳಿಗೆ ಆರಿಹೋಗುತ್ತದೆ, ತೊಳೆದ ಪ್ಯಾಡ್ ಒಂದೇ ದಿನದಲ್ಲಿ ಒಣಗುತ್ತದೆ. ಆದರೆ ಧೂಳು ಬಿಡುವುದಿಲ್ಲ. ಬಟ್ಟೆಯ ಸಂದಿಯಲ್ಲಿ ಧೂಳಿನ ಕಣ ಅಡಗಿ ಕೂರುತ್ತದೆ, ಕೈಗೆ ಅಷ್ಟಾಗಿ ಗೊತ್ತಾಗದು. ಹಾರ್ಡ್ ಪ್ಯಾಡ್‌ನಲ್ಲಿ ಅಡಗಲು ಜಾಗವಿಲ್ಲ. ಒಂದು ಕಣ ಪಾದದಡಿ ಸಿಕ್ಕರೂ ಕರಕರ ಎನ್ನುತ್ತದೆ. ಟೆಫ್ಲಾನ್ ಪಾದ ಮೆತ್ತಗಿರುವುದರಿಂದ ಮರಳಿನ ಕಣ ಅದರೊಳಗೆ ನಾಟಿಕೊಳ್ಳುತ್ತದೆ, ಆಮೇಲೆ ಮೌಸೇ ಪ್ಯಾಡನ್ನು ಗೀರುತ್ತದೆ. ಮರಳಿನಲ್ಲಿರುವ ಸ್ಫಟಿಕ ಶಿಲೆ ಗಾಜಿಗಿಂತ ಗಟ್ಟಿ, ಹಾಗಾಗಿ ಗಾಜೂ ಗೀರಿನಿಂದ ಪಾರಲ್ಲ. ಧೂಳಿನ ಊರಿನಲ್ಲಿ ಹಾರ್ಡ್ ಪ್ಯಾಡ್ ಬೇಕೆಂದರೆ ಆಟಕ್ಕೆ ಕೂರುವ ಮೊದಲು ಪ್ಯಾಡ್ ಒರೆಸುವುದು, ಮೌಸ್ ತಿರುಗಿಸಿ ಪಾದಗಳನ್ನೂ ಒರೆಸುವುದು, ಎದ್ದ ಮೇಲೆ ಮುಚ್ಚಿಡುವುದು ಮೂರೂ ಅಭ್ಯಾಸವಾಗಬೇಕು. ಬೆಂಗಳೂರು, ಮೈಸೂರಿನವರಿಗೆ ಎರಡೂ ನಡೆಯುತ್ತವೆ. ಅಮೆರಿಕ, ಯುರೋಪಿನಲ್ಲಿರುವ ನಮ್ಮವರು ಗಮನಿಸಿರಬಹುದು, ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯ ಒಣ ಗಾಳಿಯಲ್ಲಿ ಅದೇ ಬಟ್ಟೆ ಪ್ಯಾಡ್ ವೇಗವಾಗುತ್ತದೆ. ಏಮ್ ಕೆಟ್ಟಿತು ಎಂದು ಸೆನ್ಸ್ ಬದಲಿಸುವ ಮೊದಲು ಕೋಣೆಯ ತೇವ ನೋಡಿ. ಒಂದು ಸಾಧಾರಣ ಡಿಜಿಟಲ್ ಹೈಗ್ರೋಮೀಟರ್ ಟೇಬಲ್ ಮೇಲಿದ್ದರೆ ಈ ಗೊಂದಲ ಎಷ್ಟೋ ಕಡಿಮೆಯಾಗುತ್ತದೆ.

ಪ್ಯಾಡ್ ಅರ್ಧ ಕತೆ, ಉಳಿದರ್ಧ ಮೌಸ್‌ನ ಪಾದಗಳದ್ದು. ಸ್ಕೇಟ್ಸ್ ಎಂದು ಕರೆಯುವ ಈ ಬಿಳಿ ತುಂಡುಗಳು ಹೆಚ್ಚಾಗಿ ಟೆಫ್ಲಾನ್, ದಪ್ಪ 0.6ರಿಂದ 0.8 ಮಿ.ಮೀ. ಮೆತ್ತನೆಯ ಬಟ್ಟೆ ಪ್ಯಾಡ್‌ಗೆ ಅಗಲವಾದ, ಅಂಚು ದುಂಡಗೆ ಮಾಡಿದ ಪಾದ ಹೊಂದುತ್ತದೆ. ಚಿಕ್ಕ ಚುಕ್ಕಿಯಂಥ ಡಾಟ್ ಸ್ಕೇಟ್‌ಗಳು ಮೆತ್ತನೆಯ ಪ್ಯಾಡ್‌ನಲ್ಲಿ ಆಳಕ್ಕೆ ಇಳಿದು ಉಳುತ್ತಾ ಹೋಗುತ್ತವೆ, ಗಟ್ಟಿ ಪ್ಯಾಡ್‌ನಲ್ಲಿ ಚೆನ್ನಾಗಿರುತ್ತವೆ. ಹೊಸ ಪಾದಗಳ ಅಂಚು ಚೂಪಾಗಿದ್ದು ಮೊದಲ ಕೆಲವು ದಿನ ಬಟ್ಟೆಯನ್ನು ಕೆರೆದಂತೆ ಅನಿಸುವುದು ಸಹಜ. ಹಾರ್ಡ್ ಪ್ಯಾಡ್, ಅದರಲ್ಲೂ ಗಾಜು, ಟೆಫ್ಲಾನನ್ನು ಬೇಗ ತಿನ್ನುತ್ತದೆ. ಪ್ಯಾಡ್ ನಡುವೆ ಬಿಳಿ ಪುಡಿ, ಬಿಳಿ ಗೆರೆ ಕಂಡರೆ ಅದು ಸವೆದ ಪಾದ. ಸವೆತಕ್ಕೆ ಪೂರ್ತಿ ಗಮನ ಕೊಡದಿದ್ದರೆ ಒಂದು ದಿನ ಮೌಸ್‌ನ ಪ್ಲಾಸ್ಟಿಕ್ ತಳವೇ ಪ್ಯಾಡಿಗೆ ತಾಗುತ್ತದೆ. ಹಾರ್ಡ್ ಪ್ಯಾಡ್‌ನ ಬೆಲೆಗೆ ಪಾದಗಳ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕು. ಗಾಜಿನ ಮೇಲೆ ಗಾಜಿನ ಪಾದ ಮಾತ್ರ ಬೇಡ, ಗಟ್ಟಿ ಮೇಲೆ ಗಟ್ಟಿ ಉಜ್ಜಿ ಸದ್ದೂ ಹೆಚ್ಚು, ಗೀರೂ ಬೀಳಬಹುದು. ಗಾಜಿನ ಪಾದಗಳ ಜಾಗ ಬಟ್ಟೆ ಪ್ಯಾಡ್.

ಪಾದ ಬದಲಿಸುವ ವಿಧಾನ ಸುಲಭ. ಮೌಸ್ ಆಫ್ ಮಾಡಿ ತಿರುಗಿಸಿ, ಹೇರ್ ಡ್ರೈಯರ್‌ನ ಕಡಿಮೆ ಬಿಸಿಯಲ್ಲಿ ಒಂದೊಂದು ಪಾದಕ್ಕೆ 20-30 ಸೆಕೆಂಡು ಕೊಡಿ, ಪ್ಲಾಸ್ಟಿಕ್ ಪಿಕ್ ಅಥವಾ ಮರದ ಟೂತ್‌ಪಿಕ್‌ನಿಂದ ಮೂಲೆ ಎಬ್ಬಿಸಿ. ಚಾಕು, ಸ್ಕ್ರೂಡ್ರೈವರ್ ತಳವನ್ನು ಗೀರುತ್ತವೆ. ಉಳಿದ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಪೂರ್ತಿ ತೆಗೆಯಿರಿ. ಚೂರು ಅಂಟು ಉಳಿದರೂ ಆ ಪಾದ ಎತ್ತರವಾಗಿ ಮೌಸ್ ಓಲಾಡುತ್ತದೆ. ಹಾರ್ಡ್ ಪ್ಯಾಡ್‌ನಲ್ಲಿ ಆ ಓಲಾಟ ಕಿವಿಗೂ ಕೇಳುತ್ತದೆ. ಹೊಸದನ್ನು ಗುಳಿಗೆ ಸರಿಯಾಗಿ ಕೂರಿಸಿ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಕೆಲವು ಗಂಟೆ ಹಾಗೇ ಬಿಡಿ.

ತೊಳೆಯುವುದನ್ನು ಜನ ಮುಂದೂಡುತ್ತಲೇ ಹೋಗಿ ಕೊನೆಗೆ ಪ್ಯಾಡ್ ಹಾಳಾಯಿತೆಂದು ಹೊಸದು ತರುತ್ತಾರೆ. ಬಟ್ಟೆ ಪ್ಯಾಡ್‌ಗೆ ಉಗುರುಬೆಚ್ಚಗಿನ ನೀರು ಸಾಕು. ಬಿಸಿನೀರು ಬಟ್ಟೆಗೂ ರಬ್ಬರ್‌ಗೂ ನಡುವಿನ ಅಂಟನ್ನು ಸಡಿಲಿಸಿ ಗುಳ್ಳೆ ಎಬ್ಬಿಸುತ್ತದೆ. ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಅರ್ಧ ಚಮಚ. ಬಟ್ಟೆ ಒಗೆಯುವ ಪುಡಿ ಬೇಡ, ಎಳೆಗಳ ನಡುವೆ ಉಳಿಯುತ್ತದೆ. ಫ್ಯಾಬ್ರಿಕ್ ಸಾಫ್ಟನರ್ ಅಂತೂ ಬೇಡವೇ ಬೇಡ, ನಾರಿಗೆ ಪದರ ಬಳಿದು ಪ್ಯಾಡಿನ ಸ್ವಭಾವವನ್ನೇ ಬದಲಿಸುತ್ತದೆ. ಮೆತ್ತನೆಯ ಸ್ಪಂಜಿನಿಂದ ಹಗುರಾಗಿ ಉಜ್ಜಿ, ಬ್ರಷ್ ಹಾಕಿದರೆ ನೂಲು ಎದ್ದು ಗಂಟುಗಂಟಾಗುತ್ತದೆ. ನೊರೆ ಪೂರ್ತಿ ಹೋಗುವವರೆಗೆ ನೀರು ಹಾಯಿಸಿ. ಹಲವರು ಎಡವುವುದು ಇಲ್ಲಿ, ಉಳಿದ ಸೋಪು ಒಣಗಿ ಪ್ಯಾಡನ್ನು ಮೊದಲಿಗಿಂತ ನಿಧಾನ ಮಾಡುತ್ತದೆ, ತೊಳೆದದ್ದೇ ತಪ್ಪಾಯಿತು ಎನಿಸುತ್ತದೆ. ಹಿಂಡಬಾರದು, ಒಣ ಟವೆಲ್ ಮೇಲೆ ಹಾಸಿ ಇನ್ನೊಂದು ಟವೆಲ್‌ನಿಂದ ಒತ್ತಿ ನೀರು ತೆಗೆಯಿರಿ. ಆಮೇಲೆ ಬಟ್ಟೆ ಒಣಹಾಕುವ ಸ್ಟ್ಯಾಂಡಿನ ಮೇಲೆ, ಗಾಳಿ ಎರಡೂ ಕಡೆ ಆಡುವಂತೆ, ಫ್ಯಾನ್ ಕೆಳಗೆ ನೆರಳಿನಲ್ಲಿ. ಬಿಸಿಲಿಗೆ ರಬ್ಬರ್ ಗಡಸಾಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ 24 ಗಂಟೆ, ಕರಾವಳಿಯ ಮಳೆಯಲ್ಲಿ 48ರಿಂದ 72 ಗಂಟೆ. ಮೇಲೆ ಒಣಗಿದಂತೆ ಕಂಡರೂ ಅಡಿಯ ಫೋಮ್‌ನಲ್ಲಿ ನೀರು ಉಳಿದಿರುತ್ತದೆ. ಆಗ ಟೇಬಲ್ ಮೇಲೆ ಹಾಸಿದರೆ ಮುಗ್ಗಲು ವಾಸನೆ ಖಚಿತ. ಮಳೆಗಾಲದಲ್ಲಿ ಆಡುವುದು ಬಿಡಲಾಗದವರು ಒಂದೇ ಮಾದರಿಯ ಎರಡು ಪ್ಯಾಡ್ ಇಟ್ಟುಕೊಂಡು ಸರದಿಯಲ್ಲಿ ಬಳಸುವುದು ಜಾಣತನ.

ತೊಳೆದರೂ ನಡುಭಾಗ ಹಿಂದಿನಂತಾಗದಿದ್ದರೆ ನಾರುಗಳು ಚಪ್ಪಟೆಯಾಗಿವೆ ಎಂದರ್ಥ, ಅದಕ್ಕೆ ಮದ್ದಿಲ್ಲ. ಪ್ಲಾಸ್ಟಿಕ್ ಹಾರ್ಡ್ ಪ್ಯಾಡ್ ಸವೆಯುವುದು ಇನ್ನೊಂದು ರೀತಿ: ಮೇಲ್ಮೈಯ ಸಣ್ಣ ಉಬ್ಬುಗಳು ನಡುವೆ ಉಜ್ಜಿಹೋಗಿ ಹೊಳಪು ಬರುತ್ತದೆ, ಆ ಜಾಗದ ಜಾರುವಿಕೆ ಅಂಚುಗಳಿಗಿಂತ ಬೇರೆಯಾಗುತ್ತದೆ. ದೀಪದ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ಆ ಹೊಳೆವ ಮಚ್ಚೆ ಕಾಣುತ್ತದೆ. ದೀರ್ಘ ಬಾಳಿಕೆಯಲ್ಲಿ ಗಾಜು ಇವೆರಡಕ್ಕಿಂತ ಮುಂದಿದೆ, ಕೈತಪ್ಪಿ ಬೀಳದಿದ್ದರೆ.

ಕೊಳ್ಳುವ ಮುಂಚೆ ಅಳೆದು ನೋಡುವ ಒಂದು ವಿಧಾನವಿದೆ, ಹೈಸ್ಕೂಲಿನ ಭೌತಶಾಸ್ತ್ರ ಸಾಕು. 40 ಸೆಂ.ಮೀ. ಉದ್ದದ ಸಮತಟ್ಟಾದ ಹಲಗೆಗೆ ಪ್ಯಾಡನ್ನು ಟೇಪಿನಿಂದ ಅಂಟಿಸಿ. ವೈರ್‌ಲೆಸ್ ಮೌಸ್ ಇಟ್ಟು, ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ. ಮೌಸ್ ತಾನಾಗಿ ಜಾರಲು ಶುರುವಾದ ಎತ್ತರ ಗುರುತಿಸಿ. ಅದು 8 ಸೆಂ.ಮೀ. ಆದರೆ ಸ್ಥಿರ ಘರ್ಷಣೆಯ ಗುಣಾಂಕ ಸುಮಾರು 0.2, 6 ಸೆಂ.ಮೀ. ಆದರೆ ಸುಮಾರು 0.15. ಈಗ ಎತ್ತರ ತುಸು ಇಳಿಸಿ, ಮೌಸನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ತಟ್ಟಿದ ಮೇಲೆ ನಿಲ್ಲದೆ ಒಂದೇ ವೇಗದಲ್ಲಿ ಜಾರುತ್ತಾ ಹೋಗುವ ಕನಿಷ್ಠ ಎತ್ತರ ಚಲನೆಯ ಘರ್ಷಣೆ ತೋರಿಸುತ್ತದೆ. ಎರಡು ಎತ್ತರಗಳ ಅಂತರ ಹೆಚ್ಚಿದ್ದಷ್ಟೂ ಸಣ್ಣ ತಿದ್ದುಪಡಿ ಕಷ್ಟ. ಮೂರನೆಯ ಹಂತದಲ್ಲಿ 100 ಗ್ರಾಂ ತೂಕದ ಬಟ್ಟೊಂದನ್ನು ಡಬಲ್ ಸೈಡ್ ಟೇಪಿನಿಂದ ಮೌಸ್ ಬೆನ್ನಿಗೆ ಅಂಟಿಸಿ ಮತ್ತೆ ಎತ್ತಿ. ಹಾರ್ಡ್ ಪ್ಯಾಡ್‌ನಲ್ಲಿ ಜಾರುವ ಎತ್ತರ ಬಹುತೇಕ ಅಷ್ಟೇ ಇರುತ್ತದೆ. ಮೆತ್ತನೆಯ ಪ್ಯಾಡ್‌ನಲ್ಲಿ ಎತ್ತರ ಏರಿದರೆ, ಒತ್ತಿದಾಗ ಅದು ಎಷ್ಟು ಬ್ರೇಕ್ ಹಾಕುತ್ತದೆ ಎಂಬುದು ಕಣ್ಣಿಗೇ ಕಂಡಂತೆ. ಕೊನೆಯಲ್ಲಿ ಬಟ್ಟೆ ಪ್ಯಾಡನ್ನು 90 ಡಿಗ್ರಿ ತಿರುಗಿಸಿ ಇದನ್ನೇ ಮಾಡಿ. ನೇಯ್ಗೆಯ ದಿಕ್ಕಿನಿಂದಾಗಿ ಅಡ್ಡ ಮತ್ತು ಉದ್ದದ ಜಾರುವಿಕೆ ಬೇರೆಯಾಗಿರುವ ಪ್ಯಾಡ್‌ಗಳು ಇವೆ. ಗನ್ ಬಿಡದೆ ಹಾರಿಸುತ್ತಾ (ಸ್ಪ್ರೇ) ಮೌಸನ್ನು ಕೆಳಗೆಳೆಯುವಾಗ ಅಡ್ಡಡ್ಡ ಏಮ್‌ಗಿಂತ ಭಾರ ಅನಿಸುತ್ತಿದ್ದರೆ ಇದೇ ಕಾರಣ ಇರಬಹುದು.

ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಅಂಗಡಿಯಲ್ಲಿ ಪ್ಯಾಡನ್ನು ಕೈಯಿಂದ ಸವರಿ ನಿರ್ಧರಿಸುವುದರಲ್ಲಿ ಅರ್ಥವಿಲ್ಲ. ಬೆರಳಿನ ಚರ್ಮ ಟೆಫ್ಲಾನ್ ಅಲ್ಲ. ನಿಮ್ಮ ಮೌಸ್ ಜೊತೆಯಲ್ಲಿ ಒಯ್ಯಿರಿ. ಕಾಸ್ಮಿಕ್ ಬೈಟ್, ರೆಡ್‌ಗೇರ್‌ನಂಥ ನಮ್ಮ ದೇಶದ ಬ್ರ್ಯಾಂಡ್‌ಗಳ ಬಟ್ಟೆ ಪ್ಯಾಡ್ ಕೆಲವು ನೂರು ರೂಪಾಯಿಗೆ ಸಿಗುತ್ತವೆ, ಕಲಿಯುವ ಹಂತಕ್ಕೆ ಅವು ಧಾರಾಳ ಸಾಕು. ಅಂಚಿನ ಹೊಲಿಗೆ ಪ್ಯಾಡ್ ಮಟ್ಟಕ್ಕಿಂತ ಎದ್ದಿದ್ದರೆ ಮುಂಗೈಗೆ ಉಜ್ಜುತ್ತದೆ, ಅದನ್ನು ಅಲ್ಲೇ ಕೈಯಿಟ್ಟು ನೋಡಿಬಿಡಿ. ಸುತ್ತಿಟ್ಟ ಪ್ಯಾಡ್ ಮನೆಗೆ ತಂದ ಮೇಲೆ ಅಂಚು ಮಡಚಿಕೊಂಡಿದ್ದರೆ ವಿರುದ್ಧ ದಿಕ್ಕಿಗೆ ಸಡಿಲವಾಗಿ ಸುತ್ತಿ, ಆಮೇಲೆ ದಪ್ಪ ಪುಸ್ತಕಗಳಡಿ ಒಂದೆರಡು ದಿನ ಇಡಿ. ಇಸ್ತ್ರಿ ಪೆಟ್ಟಿಗೆ ಹಚ್ಚಬೇಡಿ. ಹಾರ್ಡ್ ಪ್ಯಾಡ್ ತರುವವರು ಟೇಬಲ್ ಸಮವಾಗಿದೆಯೇ ನೋಡಿಕೊಳ್ಳಬೇಕು. ಬಾಗಿದ ಪ್ಲೈವುಡ್ ಮೇಲೆ ಅದು ಕುದುರೆಯಂತೆ ಕುಣಿಯುತ್ತದೆ. ರಾತ್ರಿ ಆಡುವ ಪಿ.ಜಿ., ಹಾಸ್ಟೆಲ್ ವಾಸಿಗಳು ಸದ್ದನ್ನೂ ಯೋಚಿಸಲಿ, ಹಾರ್ಡ್ ಪ್ಯಾಡ್ ಮೇಲೆ ಮೌಸ್ ಉಜ್ಜುವ ಸದ್ದು ರೂಂಮೇಟ್‌ಗೂ ಕೇಳುತ್ತದೆ, ಮೈಕ್‌ನಲ್ಲೂ ಹೋಗುತ್ತದೆ.

ಹೊಸ ಪ್ಯಾಡ್ ಹಾಕಿದ ದಿನ ಡಿಪಿಐ, ಸೆನ್ಸ್, ಪಾದ ಯಾವುದನ್ನೂ ಮುಟ್ಟಬೇಡಿ. ಗುರಿ ಅಭ್ಯಾಸಕ್ಕೆಂದೇ ಇರುವ ಕೊವಾಕ್ಸ್ ಅಥವಾ ಏಮ್ ಲ್ಯಾಬ್‌ನಲ್ಲಿ ನಿಂತ ಗುರಿಗೆ ಫ್ಲಿಕ್ ಮಾಡುವ ಒಂದು, ಚಲಿಸುವ ಗುರಿ ಹಿಂಬಾಲಿಸುವ ಒಂದು ಅಭ್ಯಾಸ ಆರಿಸಿ, ಎರಡು ವಾರ ಅದೇ ಎರಡನ್ನು ಆಡಿ. ಸ್ಕೋರ್‌ಗಿಂತ ತಪ್ಪಿನ ದಿಕ್ಕು ನೋಡಿ. ಪ್ರತಿ ಸಲ ಗುರಿ ದಾಟಿ ಹೋಗುತ್ತಿದ್ದರೆ ಪ್ಯಾಡ್ ನಿಮ್ಮ ಕೈಗೆ ವೇಗ. ಮೊದಲೇ ನಿಂತು, ತಿದ್ದಲು ಹೋದಾಗ ಎಗರಿದರೆ ಸ್ಥಿರ ಘರ್ಷಣೆ ಹೆಚ್ಚು. ಆಗ ಪ್ಯಾಡ್ ಬದಲಿಸುವ ಮೊದಲು ಅದನ್ನು ತೊಳೆಯಿರಿ, ಹೋಗದಿದ್ದರೆ ಪಾದ ಬದಲಿಸಿ, ಆಮೇಲೂ ಹಾಗೇ ಇದ್ದರೆ ಗಟ್ಟಿ ತಳದ ತೆಳು ಬಟ್ಟೆ ಪ್ಯಾಡ್, ಕೊನೆಯಲ್ಲಿ ಹಾರ್ಡ್. ಕರಾವಳಿಯಲ್ಲಿದ್ದು ವರ್ಷಪೂರ್ತಿ ಆಡುವವರು ಮಾತ್ರ ಈ ಸಾಲಿನ ಕೊನೆಯಿಂದಲೇ ಶುರುಮಾಡಿದರೂ ತಪ್ಪಿಲ್ಲ: ಒಂದು ಗಾಜಿನ ಪ್ಯಾಡ್, ಎರಡು ಸೆಟ್ ಟೆಫ್ಲಾನ್ ಡಾಟ್, ಒಂದು ಮೈಕ್ರೋಫೈಬರ್ ಬಟ್ಟೆ, ಒಂದು ಸ್ಲೀವ್.